ಒಂದು ಅಕ್ಷರ ತಪ್ಪಿದ ಚೆಕ್: ವಿಲಿಯಂ ಮಾರ್ಷ್ ರೈಸ್ ಅವರ ಬದುಕು ಮತ್ತು ಸಾವು

1900ರ ಸೆಪ್ಟೆಂಬರ್ 24, ಸೋಮವಾರ. ನ್ಯೂಯಾರ್ಕಿನ ಸ್ವೆನ್ಸನ್ ಅಂಡ್ ಸನ್ಸ್ ಎಂಬ ಖಾಸಗಿ ಬ್ಯಾಂಕಿನ ಕೌಂಟರಿಗೆ ಒಂದು ಚೆಕ್ ಬಂತು. ಮೊತ್ತ 25,000 ಡಾಲರ್. ಸಹಿ ವಿಲಿಯಂ ಮಾರ್ಷ್ ರೈಸ್ ಅವರದು. ಬ್ಯಾಂಕಿನ ಹಳೇ ಗಿರಾಕಿ, ವಯಸ್ಸು 84. ಹಣ ಪಡೆಯಬೇಕಾದವನು ಆಲ್ಬರ್ಟ್ ಪ್ಯಾಟ್ರಿಕ್ ಎಂಬ ವಕೀಲ. ಗುಮಾಸ್ತ ಚೆಕ್ಕನ್ನು ತಿರುಗಿಸಿ ನೋಡಿದ. ಹಿಂಬದಿಯ ಸಹಿಯಲ್ಲಿ 'ಆಲ್ಬರ್ಟ್' ಎಂದಿತ್ತು. ಮುಂಬದಿಯಲ್ಲಿ 'ಆಬರ್ಟ್' ಎಂದು ಬರೆದಿತ್ತು. ಇಂಗ್ಲಿಷಿನ ಒಂದೇ ಒಂದು 'ಎಲ್' ಅಕ್ಷರ ಬಿಟ್ಟುಹೋಗಿತ್ತು.

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತು. ಹೆಸರು ಹೊಂದದಿದ್ದರೆ ಚೆಕ್ ಪಾಸ್ ಆಗಲ್ಲ, ಅಷ್ಟೇ. ಆದರೆ ಆ ಗುಮಾಸ್ತ ಅಷ್ಟಕ್ಕೇ ಬಿಡಲಿಲ್ಲ. ಸಹಿಯ ಮೇಲೂ ಅವನಿಗೆ ಅನುಮಾನ ಬಂತು. ರೈಸ್ ಲೆಕ್ಕದಲ್ಲಿ ತುಂಬಾ ಬಿಗಿ ಮನುಷ್ಯ. ಇಷ್ಟು ದೊಡ್ಡ ಮೊತ್ತದ ಚೆಕ್ಕಿನಲ್ಲಿ ಹೆಸರು ತಪ್ಪಾಗಿ ಬರೆದು ಕಳಿಸುವವರಲ್ಲ. ಬ್ಯಾಂಕಿನವರು ಅವರ ಮನೆಗೆ ಫೋನ್ ಮಾಡಿದರು. ಫೋನ್ ಎತ್ತಿದವನು ಚಾರ್ಲ್ಸ್ ಜೋನ್ಸ್, ಮನೆಯಲ್ಲೇ ಇದ್ದ ಆಳು. ಚೆಕ್ ಸರಿಯಾಗಿದೆ ಎಂದ. ರೈಸ್ ಅವರ ಜೊತೆಯೇ ಮಾತಾಡಬೇಕು ಎಂದು ಇವರು ಪಟ್ಟು ಹಿಡಿದಾಗ, ಕೊನೆಗೆ ಬಾಯಿ ಬಿಟ್ಟ. ಯಜಮಾನರು ತೀರಿಕೊಂಡಿದ್ದಾರೆ.

ತೀರಿಕೊಂಡು ಆಗಲೇ ಒಂದು ರಾತ್ರಿ ಕಳೆದಿತ್ತು.

ಈ ಪ್ರಕರಣವನ್ನು ಅಮೆರಿಕದಲ್ಲಿ ಸಾಮಾನ್ಯವಾಗಿ ಕೊಲೆ ಕಥೆಯಾಗಿ ಹೇಳುತ್ತಾರೆ. ಕೊಲೆ ಇದೆ, ನಕಲಿ ವಿಲ್ ಇದೆ, ಕೋರ್ಟ್ ಇದೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಅರವತ್ತು ವರ್ಷ ವ್ಯಾಪಾರ ಮಾಡಿದ ಒಬ್ಬ ಮನುಷ್ಯ. ಸರಕು, ಹಡಗು, ಸಾಲ, ಬಡ್ಡಿ ಎಲ್ಲವನ್ನೂ ತಾನೇ ನೋಡಿಕೊಂಡವರು. ಕೊನೆಯ ಮೂರು ವರ್ಷ ಅವರ ಪತ್ರ, ಊಟ, ಮಾತ್ರೆ, ಬಾಗಿಲು, ಚೆಕ್ ಪುಸ್ತಕ ಎಲ್ಲವೂ ಒಬ್ಬನೇ ಆಳಿನ ಕೈಯಲ್ಲಿತ್ತು. ಅದು ಹೇಗಾಯಿತು ಎಂದು ಮೊದಲಿಂದ ನೋಡಬೇಕು.

ಗಡಿನಾಡಿನ ಅಂಗಡಿ

ರೈಸ್ ಹುಟ್ಟಿದ್ದು 1816ರ ಮಾರ್ಚ್ 14ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ. ಮನೆ ತುಂಬಾ ಮಕ್ಕಳು, ಒಟ್ಟು ಹತ್ತು. ಹದಿನೈದಕ್ಕೇ ಶಾಲೆ ಬಿಟ್ಟು ಕಿರಾಣಿ ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿದ ಹುಡುಗ, ಇಪ್ಪತ್ತೆರಡರ ಹೊತ್ತಿಗೆ ಸ್ವಂತ ಅಂಗಡಿ ಇಟ್ಟಿದ್ದ. ಆಗ ಟೆಕ್ಸಾಸ್ ಅಮೆರಿಕಕ್ಕೆ ಸೇರಿರಲಿಲ್ಲ. ಮೆಕ್ಸಿಕೋದಿಂದ ಬಿಡಿಸಿಕೊಂಡು ಎರಡೇ ವರ್ಷವಾಗಿದ್ದ ಬೇರೆಯೇ ಗಣರಾಜ್ಯ. ಹೊಸ ನಾಡು, ಹೊಸ ಜನ, ಎಲ್ಲರಿಗೂ ಎಲ್ಲ ಸಾಮಾನೂ ಬೇಕು. ಹುಡುಗ ಅಂಗಡಿ ಮಾರಿ, ಬಂದ ದುಡ್ಡಿನಲ್ಲಿ ಸರಕು ಕೊಂಡು, ಹಡಗಿಗೆ ಹಾಕಿ, 1838ರಲ್ಲಿ ಟೆಕ್ಸಾಸಿಗೆ ಹೊರಟ.

ಹುಡುಗ ಗ್ಯಾಲ್ವೆಸ್ಟನ್ ಬಂದರು ತಲುಪಿದ. ಸರಕು ತಲುಪಲಿಲ್ಲ. ಅದಿದ್ದ ಹಡಗು ಸಮುದ್ರದಲ್ಲಿ ಮುಳುಗಿತ್ತು.

ಕೈಯಲ್ಲಿ ಏನೂ ಇಲ್ಲದೆ ಹೂಸ್ಟನ್ನಿಗೆ ಹೋದ. ಇಂದಿನ ಹೂಸ್ಟನ್ ಕಣ್ಣಮುಂದೆ ತರಬೇಡಿ. ಎರಡು ವರ್ಷದ ಹಿಂದೆ ಹುಟ್ಟಿದ ಊರು. ಕೆಸರು ದಾರಿ, ಮರದ ಮನೆ, ಗುಡಾರ, ಮತ್ತೆ ಮತ್ತೆ ಬರುವ ಹಳದಿ ಜ್ವರ. ಅಲ್ಲಿ ಅವನಿಗೆ ಸಿಕ್ಕಿದ ಮೊದಲ ಗುತ್ತಿಗೆಗಳಲ್ಲಿ ಒಂದು 1839ರ ಏಪ್ರಿಲಿನದು. ಮೈಲಮ್ ಹೌಸ್ ಎಂಬ ಹೋಟೆಲಿನ ಬಾರಿಗೆ ಮದ್ಯ ಒದಗಿಸಬೇಕು, ನೋಡಿಕೊಳ್ಳಬೇಕು. ಮದ್ಯದ ಅಸಲು, ದಿನಕ್ಕೆ ಮೂರು ಡಾಲರ್, ಊಟ. ಇಷ್ಟೇ ಒಪ್ಪಂದ. ಮುಳುಗಿದ ಬಂಡವಾಳ ಹೀಗೆ ಮತ್ತೆ ಮೇಲೆದ್ದಿತು.

ಆಮೇಲಿನದು ಬೇಗ ಬೆಳೆದ ವ್ಯಾಪಾರ. ಎಬನೀಜರ್ ನಿಕೋಲ್ಸ್ ಜೊತೆ ಸೇರಿ ರೈಸ್ ಅಂಡ್ ನಿಕೋಲ್ಸ್ ಎಂಬ ಪಾಲುದಾರಿಕೆ ಸಂಸ್ಥೆ ಕಟ್ಟಿದರು. ಒಳನಾಡಿನ ರೈತರು ಎತ್ತಿನ ಗಾಡಿಗಳಲ್ಲಿ ಹತ್ತಿ, ಚರ್ಮ ತರುತ್ತಿದ್ದರು. ವಾಪಸ್ ಹೋಗುವಾಗ ಕಾಫಿ, ಸಕ್ಕರೆ, ಉಪ್ಪು, ಬಟ್ಟೆ, ನೇಗಿಲು ಹೇರಿಕೊಂಡು ಹೋಗುತ್ತಿದ್ದರು. ರೊಕ್ಕ ಕಡಿಮೆ, ಸಾಲ ಜಾಸ್ತಿ. ಮುಂದಿನ ಬೆಳೆಯ ಮೇಲೆ ಈ ವರ್ಷದ ಸಾಮಾನು. ನಮ್ಮ ಎಪಿಎಂಸಿ ಯಾರ್ಡಿನ ಮಂಡಿಯವರು ಮತ್ತು ರೈತರ ನಡುವಿನ ಲೆಕ್ಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲ ಕೊಡುವವನ ಕೈಯಲ್ಲಿ ಬೆಳೆಯೂ ಇರುತ್ತದೆ, ಬೆಲೆಯೂ ಇರುತ್ತದೆ. ಬಫೆಲೋ ಬಾಯೂ ಎಂಬ ನಿಧಾನ ಹರಿವಿನ ತೊರೆಯಲ್ಲಿ ದೋಣಿಗಳ ಮೇಲೆ ಹತ್ತಿ ಗ್ಯಾಲ್ವೆಸ್ಟನ್ನಿಗೆ ಇಳಿಯುತ್ತಿತ್ತು. ಅಲ್ಲಿಂದ ಹಡಗು ಹತ್ತುತ್ತಿತ್ತು. ಮುಂದೆ ರೈಲು ಬಂದಾಗ ರೈಸ್ ರೈಲಿಗೂ ಹಣ ಹಾಕಿದರು.

1860ರ ಲೆಕ್ಕದಲ್ಲಿ ಅವರ ಆಸ್ತಿ 7,50,000 ಡಾಲರ್. ಟೆಕ್ಸಾಸಿನ ಅತಿ ಶ್ರೀಮಂತರಲ್ಲಿ ಒಬ್ಬರು. ಆ ಆಸ್ತಿಯ ಪಟ್ಟಿಯಲ್ಲಿ ಜಮೀನಿನ ಜೊತೆ, ಸರಕಿನ ಜೊತೆ, 15 ಮಂದಿ ಮನುಷ್ಯರೂ ಇದ್ದರು. ಗುಲಾಮರು. ಇದನ್ನು ಬದಿಗೆ ಸರಿಸಿ ರೈಸ್ ಅವರ ಜೀವನ ಬರೆಯುವುದು ಸರಿಯಲ್ಲ. ಅವರ ಗಾಡಿಗೆ ಬಂದ ಹತ್ತಿಯ ಬಹುಪಾಲು ಗುಲಾಮರು ಬಿಡಿಸಿದ್ದು. ಬಾರಿನ ಲೆಕ್ಕದಿಂದ ಮೇಲೆದ್ದ ಹುಡುಗನ ಕಥೆ ನಿಜ. ಆ ಕಥೆಯ ಅಡಿಯಲ್ಲಿ ಹೆಸರೇ ದಾಖಲಾಗದ ಜನರ ಬೆನ್ನು ಇದೆ ಎಂಬುದೂ ಅಷ್ಟೇ ನಿಜ.

ಅಂತರ್ಯುದ್ಧದ ಮಧ್ಯೆ, 1863ರಲ್ಲಿ, ಮೊದಲ ಹೆಂಡತಿ ಮಾರ್ಗರೆಟ್ ತೀರಿಕೊಂಡರು. ಉತ್ತರದ ನೌಕಾಪಡೆ ಬಂದರುಗಳನ್ನು ಮುಚ್ಚಿತ್ತು. ರೈಸ್ ಗಡಿ ದಾಟಿ ಮೆಕ್ಸಿಕೋದ ಮಾಟಮೋರೋಸ್ ಊರಿಗೆ ಹೋದರು. ಹತ್ತಿ ಆ ದಾರಿಯಲ್ಲಿ ಹೊರಗೆ ಹೋಗುತ್ತಿತ್ತು, ಬೆಲೆ ಚೆನ್ನಾಗಿತ್ತು. ಯುದ್ಧದಲ್ಲಿ ಎಷ್ಟೋ ವ್ಯಾಪಾರಿಗಳು ಮುಳುಗಿದರು. ಇವರು ಉಳಿದರು. 1867ರಲ್ಲಿ ಎಲಿಜಬೆತ್ ಎಂಬ ವಿಧವೆಯನ್ನು ಮದುವೆಯಾದರು. ಸಂಸಾರ ನಿಧಾನವಾಗಿ ನ್ಯೂಯಾರ್ಕ್, ನ್ಯೂಜೆರ್ಸಿ ಕಡೆಗೆ ಸರಿಯಿತು. ವ್ಯಾಪಾರದ ಬೇರು ಮಾತ್ರ ಹೂಸ್ಟನ್ನಿನಲ್ಲೇ ಇತ್ತು. ಎರಡು ಮದುವೆಯಾದರೂ ಮಕ್ಕಳಾಗಲಿಲ್ಲ.

ಸಾವಿನ ನಂತರ ತೆರೆಯುವ ಬಾಗಿಲು

ಸೀಸರ್ ಲೊಂಬಾರ್ಡಿ ಹೂಸ್ಟನ್ನಿನ ಶಾಲಾ ಮಂಡಳಿಯ ಅಧ್ಯಕ್ಷರು. ಈ ಊರಿನಲ್ಲಿ ದುಡಿದ ದುಡ್ಡು, ಈ ಊರಿಗೊಂದು ಹೈಸ್ಕೂಲ್ ಕಟ್ಟಿಸಿಕೊಡಿ ಎಂದು ರೈಸ್ ಅವರನ್ನು ಕೇಳಿದರು. ಹೈಸ್ಕೂಲ್ ಊರಿನವರೇ ಕಟ್ಟಿಕೊಳ್ಳಬೇಕು ಎಂದು ರೈಸ್ ಒಪ್ಪಲಿಲ್ಲ. ಆದರೆ ಮಾತು ತಲೆಯಲ್ಲಿ ಉಳಿಯಿತು. 1891ರಲ್ಲಿ ಅವರೇ ಒಂದು ಯೋಜನೆ ತಂದರು. ಸಾಹಿತ್ಯ, ವಿಜ್ಞಾನ, ಕಲೆಗಾಗಿ ಒಂದು ವಿದ್ಯಾಸಂಸ್ಥೆ. ಫೀಸ್ ಇಲ್ಲ. ಟ್ರಸ್ಟಿಗಳಾಗಿ ತನಗೆ ಗೊತ್ತಿದ್ದ ಹೂಸ್ಟನ್ನಿನ ಜನರನ್ನೇ ಆರಿಸಿದರು. ಅವರಲ್ಲಿ ಲೊಂಬಾರ್ಡಿ ಇದ್ದರು, ರೈಸ್ ಅವರ ವಕೀಲ ಜೇಮ್ಸ್ ಬೇಕರ್ ಇದ್ದರು. ಈ ಬೇಕರ್ ಅವರನ್ನು ಎಲ್ಲರೂ ಕ್ಯಾಪ್ಟನ್ ಬೇಕರ್ ಎನ್ನುತ್ತಿದ್ದರು. ಬಹಳ ಮುಂದೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾದ ಜೇಮ್ಸ್ ಬೇಕರ್ ಇವರ ಮೊಮ್ಮಗ.

ಸನ್ನದಿನಲ್ಲಿ ಬಿಳಿಯರಿಗೆ ಮಾತ್ರ ಎಂದು ಬರೆದಿತ್ತು. ಇನ್ನೊಂದು ಷರತ್ತು, ನಾನು ಬದುಕಿರುವವರೆಗೆ ಕಟ್ಟಡ ಏಳಬಾರದು. ಟ್ರಸ್ಟಿಗಳು ಬೇಗ ಶುರು ಮಾಡೋಣ ಎಂದರೂ ರೈಸ್ ಜಗ್ಗಲಿಲ್ಲ. ಇದು ನನಗೆ ಬಹಳ ಕಾಡುವ ವಿಷಯ. ಅವರು ತೀರಿಕೊಂಡ ಮೇಲೆಯೇ ದೊಡ್ಡ ಹಣ ಕೈ ಬದಲಾಗುತ್ತದೆ ಎಂದು ಎಲ್ಲರಿಗೂ ಗೊತ್ತಾಯಿತು. ಒಳ್ಳೆಯವರಿಗೂ ಗೊತ್ತಾಯಿತು, ಕೆಟ್ಟವರಿಗೂ ಗೊತ್ತಾಯಿತು.

1896ರ ಜುಲೈನಲ್ಲಿ ಎಲಿಜಬೆತ್ ತೀರಿಕೊಂಡರು. ಆಗ ಹೊರಬಿತ್ತು ಇನ್ನೊಂದು ಸಂಗತಿ. ಗಂಡನಿಗೆ ತಿಳಿಸದೆ ಅವರು ಒಂದು ವಿಲ್ ಮಾಡಿದ್ದರು. ಟೆಕ್ಸಾಸಿನ ಕಾನೂನು ಸ್ಪೇನಿನ ಕಾಲದಿಂದ ಬಂದದ್ದು. ಮದುವೆಯ ನಂತರ ದುಡಿದದ್ದರಲ್ಲಿ ಅರ್ಧ ಹೆಂಡತಿಗೆ ಸೇರುತ್ತದೆ. ನ್ಯೂಯಾರ್ಕಿನಲ್ಲಿ ಆ ಕಾನೂನು ಇಲ್ಲ. ನಾನು ಟೆಕ್ಸಾಸಿನವಳು, ನನ್ನ ಅರ್ಧವನ್ನು ನನ್ನ ಕಡೆಯವರಿಗೆ ಕೊಡಿ ಎಂದು ವಿಲ್ ಹೇಳುತ್ತಿತ್ತು. ಜಾರಿ ಮಾಡುವ ಹೊಣೆ ಓರನ್ ಹೋಲ್ಟ್ ಎಂಬ ಹೂಸ್ಟನ್ನಿನ ವಕೀಲರದು. ನಿಂತರೆ ವಿದ್ಯಾಸಂಸ್ಥೆಗೆ ಇಟ್ಟ ಹಣದಲ್ಲಿ ದೊಡ್ಡ ಪಾಲು ಹೋಗುತ್ತದೆ. ರೈಸ್ ಕೋರ್ಟಿಗೆ ಹೋದರು. ನಾವು ನ್ಯೂಯಾರ್ಕಿನವರು ಎಂದರು.

ಹೆಂಡತಿಯ ಬೇಡಿಕೆ ಅನ್ಯಾಯದ್ದು ಅಂತ ನನಗೆ ಅನ್ನಿಸುವುದಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ತನ್ನ ಪಾಲು ಕೇಳಿದ್ದು. ಆದರೆ ಆ ಮೊಕದ್ದಮೆಯೇ ಪ್ಯಾಟ್ರಿಕ್‌ಗೆ ಬಾಗಿಲು ತೆರೆಯಿತು.

ಮ್ಯಾಡಿಸನ್ ಅವೆನ್ಯೂ ಮನೆ

ಮನೆ ನಂಬರ್ 500, ಮ್ಯಾಡಿಸನ್ ಅವೆನ್ಯೂ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಅಣ್ಣತಮ್ಮಂದಿರ ಮಕ್ಕಳು ಟೆಕ್ಸಾಸಿನಲ್ಲಿ. ಜೊತೆಗಿದ್ದವನು ಜೋನ್ಸ್ ಒಬ್ಬನೇ. ಹೂಸ್ಟನ್ನಿನಲ್ಲಿ ತಮ್ಮದೇ ಹೋಟೆಲಿನಲ್ಲಿ ಕೆಲಸಕ್ಕಿದ್ದ ಯುವಕನನ್ನು ರೈಸ್ 1897ರಲ್ಲಿ ಕರೆತಂದಿದ್ದರು. ಅಡಿಗೆ, ಹಾಸಿಗೆ, ಬಟ್ಟೆ, ಪತ್ರ ಟೈಪ್ ಮಾಡುವುದು, ಅಂಚೆಗೆ ಹಾಕುವುದು, ಬಂದವರಿಗೆ ಬಾಗಿಲು ತೆರೆಯುವುದು. ಚೆಕ್ ಬರೆಯುವವನು ಅವನು, ಸಹಿ ಮಾತ್ರ ಯಜಮಾನರದು.

ಅಂಗಡಿಯಲ್ಲಿ ಲೆಕ್ಕ ಬರೆಯುವವನ ಕೈಗೆ ಗಲ್ಲಾಪೆಟ್ಟಿಗೆಯ ಬೀಗದ ಕೈ ಕೊಡುವುದಿಲ್ಲ. ವ್ಯಾಪಾರಸ್ಥರ ಮನೆಯ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಆದರೆ ವಯಸ್ಸಾದ ಮೇಲೆ ಮನೆಯೊಳಗೆ ಅದೇ ನಿಯಮ ಯಾರಿಗೂ ನೆನಪಾಗಲ್ಲ, ಅಲ್ವಾ? ಕಣ್ಣು ಮಂಜಾಗುತ್ತದೆ, ಮೆಟ್ಟಿಲು ಹತ್ತುವುದು ಕಷ್ಟ. ಒಬ್ಬ ಹುಡುಗ ಎಲ್ಲ ಮಾಡಿಕೊಡುತ್ತಾನೆ. ಮೊದಲು ಅಂಚೆ, ಆಮೇಲೆ ಔಷಧಿ, ಆಮೇಲೆ ಚೆಕ್. ಯಾವುದೂ ಒಂದೇ ದಿನ ಕೈ ಬಿಟ್ಟು ಹೋಗುವುದಿಲ್ಲ.

ಹೋಲ್ಟ್ ಕಡೆಯವರಿಗೆ ನ್ಯೂಯಾರ್ಕಿನಲ್ಲಿ ಸಾಕ್ಷ್ಯ ಕೂಡಿಸಲು ಒಬ್ಬ ವಕೀಲ ಬೇಕಿತ್ತು. ಆಲ್ಬರ್ಟ್ ಪ್ಯಾಟ್ರಿಕ್ ಸಿಕ್ಕಿದ. ಅವನೂ ಟೆಕ್ಸಾಸ್ ಕಡೆಯವನೇ. ಜೋನ್ಸ್ ಮುಂದೆ ಕೋರ್ಟಿನಲ್ಲಿ ಹೇಳಿದ ಪ್ರಕಾರ, 1899ರ ಕೊನೆಯಲ್ಲಿ ಪ್ಯಾಟ್ರಿಕ್ ಸುಳ್ಳು ಹೆಸರು ಹೇಳಿಕೊಂಡು ಮನೆಗೆ ಬಂದ. ಕೇಳಿದ್ದು ಒಂದು ಸಣ್ಣ ಕೆಲಸ. ನಾನು ಟೆಕ್ಸಾಸಿನವನೇ ಎಂದು ರೈಸ್ ಒಪ್ಪಿಕೊಂಡ ಹಾಗೆ ಒಂದು ಪತ್ರ ಟೈಪ್ ಮಾಡು, ಬೇರೆ ಪತ್ರಗಳ ನಡುವೆ ಇಟ್ಟು ಸಹಿ ಹಾಕಿಸು. ಅಲ್ಲಿಂದ ಬೆಳೆದದ್ದು ದೊಡ್ಡ ಸಂಚು.

ಆ ಸಂಚಿನ ತಿರುಳು ಒಂದು ಹೊಸ ವಿಲ್. ರೈಸ್ ಅವರ ನಿಜವಾದ ವಿಲ್ 1896ರದು, ಹೆಂಡತಿ ತೀರಿದ ಎರಡು ತಿಂಗಳಿಗೆ ಮಾಡಿದ್ದು. ಹಣದ ಬಹುಪಾಲು ವಿದ್ಯಾಸಂಸ್ಥೆಗೆ. ಹೊಸದರ ಮೇಲೆ 1900ರ ಜೂನ್ 30ರ ತಾರೀಖು. ಅದರಲ್ಲಿ ಆಸ್ತಿಯ ದೊಡ್ಡ ಪಾಲು ಪ್ಯಾಟ್ರಿಕ್‌ಗೆ. ಬಂಧುಗಳಿಗೆ ಹಳೇ ವಿಲ್‌ಗಿಂತ ಜಾಸ್ತಿ ಹಣ ಬರೆದಿತ್ತು. ಇದು ಸುಮ್ನೆ ಅಲ್ಲ. ಜಾಸ್ತಿ ಸಿಕ್ಕ ಬಂಧುಗಳು ತಕರಾರು ಎತ್ತುವುದಿಲ್ಲ ಎಂಬ ಲೆಕ್ಕ. ಜೋನ್ಸ್ ಹೆಸರು ಅದರಲ್ಲಿ ಇರಲಿಲ್ಲ. ಆಳಿಗೆ ಹಣ ಬರೆದರೆ ಅನುಮಾನ ಬರುತ್ತದೆ, ನಿನ್ನ ಪಾಲು ನಾನು ಕೊಡುತ್ತೇನೆ ಎಂದು ಪ್ಯಾಟ್ರಿಕ್ ಹೇಳಿದ್ದನಂತೆ. ಇದರ ಜೊತೆಗೆ ರೈಸ್ ಬರೆದ ಹಾಗೆ ಪತ್ರಗಳು ಸಿದ್ಧವಾದವು. ನನ್ನ ದೇಹವನ್ನು ಸುಡಬೇಕು ಎಂಬ ಪತ್ರವೂ ಅದರಲ್ಲಿತ್ತು.

ಮೋಸದ ನಡುವೆಯೂ ಮುದುಕರು ಸಾಯುವ ಲಕ್ಷಣ ಇರಲಿಲ್ಲ. 84 ವಯಸ್ಸಿಗೆ ಗಟ್ಟಿಯಾಗಿದ್ದರು. ಬೇಸಿಗೆಯಲ್ಲಿ ಜೋನ್ಸ್ ಪಾದರಸದ ಮಾತ್ರೆ ಕೊಡಲು ಶುರು ಮಾಡಿದ.

ಆ ಸೆಪ್ಟೆಂಬರ್

ಸೆಪ್ಟೆಂಬರ್ 8ರ ರಾತ್ರಿ ಗ್ಯಾಲ್ವೆಸ್ಟನ್ ಮೇಲೆ ಚಂಡಮಾರುತ ಬಿತ್ತು. 6,000ಕ್ಕೂ ಹೆಚ್ಚು ಜನ ಸತ್ತರು. ಅಮೆರಿಕದ ಇತಿಹಾಸದಲ್ಲೇ ಅಷ್ಟು ಜೀವ ತೆಗೆದ ನೈಸರ್ಗಿಕ ವಿಕೋಪ ಇನ್ನೊಂದಿಲ್ಲ. ಅರವತ್ತೆರಡು ವರ್ಷದ ಹಿಂದೆ ರೈಸ್ ಬಂದಿಳಿದ ಬಂದರು ಅದು. ಅದೇ ತಿಂಗಳು ಹೂಸ್ಟನ್ನಿನಲ್ಲಿ ಅವರ ಹತ್ತಿಬೀಜದ ಎಣ್ಣೆ ಗಿರಣಿಯೂ ಹಾಳಾಯಿತು. ಮತ್ತೆ ಕಟ್ಟಲು ಸುಮಾರು 2,50,000 ಡಾಲರ್ ಬೇಕು ಎಂದು ಅಲ್ಲಿಂದ ಸುದ್ದಿ ಬಂತು. ರೈಸ್ ಹಿಂದೆಮುಂದೆ ನೋಡಲಿಲ್ಲ, ಕೊಡುತ್ತೇನೆ ಎಂದರು. 22ನೇ ವಯಸ್ಸಿನಲ್ಲಿ ಸರಕು ಮುಳುಗಿದಾಗ ಮತ್ತೆ ಶುರು ಮಾಡಿದ ಹುಡುಗ, 84ರಲ್ಲೂ ಹಾಗೆಯೇ ಇದ್ದ.

ಆ ಒಪ್ಪಿಗೆ ಅವರ ಜೀವಕ್ಕೆ ಮುಳುವಾಯಿತು. ನ್ಯೂಯಾರ್ಕಿನ ಬ್ಯಾಂಕುಗಳಲ್ಲಿದ್ದ ನಗದು ಹೆಚ್ಚುಕಡಿಮೆ ಅಷ್ಟೇ. ಅದು ಹೂಸ್ಟನ್ನಿಗೆ ಹೋದರೆ ಪ್ಯಾಟ್ರಿಕ್ ಕೈಗೆ ತಕ್ಷಣ ಏನೂ ಸಿಗಲ್ಲ. ವಿಲ್ ಇತ್ಯರ್ಥ ಆಗಲು ವರ್ಷಗಟ್ಟಲೆ ಬೇಕು, ಅಷ್ಟು ದಿನ ಕೋರ್ಟಿನಲ್ಲಿ ನಿಲ್ಲಲು ಹಣ ಬೇಕು. ಸೆಪ್ಟೆಂಬರ್ 22, ಶನಿವಾರ, 25,000 ಡಾಲರಿನ ಮೊದಲ ಹುಂಡಿ ಬಂತು. ಯಜಮಾನರಿಗೆ ಹುಷಾರಿಲ್ಲ, ಸೋಮವಾರ ಬನ್ನಿ ಎಂದು ಜೋನ್ಸ್ ಕಳಿಸಿದ.

ಹುಷಾರಿಲ್ಲದ್ದು ಸುಳ್ಳಲ್ಲ. ಹೊಟ್ಟೆ ಕೆಟ್ಟಿತ್ತು. ಅದಕ್ಕೆ ಬಾಳೆಹಣ್ಣು ಒಳ್ಳೆಯದು ಎಂದು ಪರಿಚಯದ ಹೆಂಗಸೊಬ್ಬರು ಹೇಳಿದ್ದರು. ಮುದುಕರು ನಂಬಿ ಒಂಬತ್ತು ಬಾಳೆಹಣ್ಣು ತಿಂದುಬಿಟ್ಟರು. ಈ ಸಣ್ಣ ವಿವರ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ರೈಲು ಕಂಪನಿಗಳಿಗೆ ಬಂಡವಾಳ ಹಾಕಿದ ಮನುಷ್ಯ, ಒಂಟಿ ಮನೆಯಲ್ಲಿ ಕೂತು, ಯಾರೋ ಹೇಳಿದ ಮನೆಮದ್ದನ್ನು ಚಾಚೂತಪ್ಪದೆ ಮಾಡುತ್ತಿದ್ದಾರೆ. ಸಾಕು, ಒಂದೆರಡೇ ತಿನ್ನಿ ಅನ್ನುವವರು ಪಕ್ಕದಲ್ಲಿ ಇರಲಿಲ್ಲ.

ಭಾನುವಾರ ಸಂಜೆ ನಡೆದದ್ದಕ್ಕೆ ಜೋನ್ಸ್ ಮಾತು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಅವನ ಕೊನೆಯ ಹೇಳಿಕೆ ಹೀಗಿದೆ. ಕ್ಲೋರೋಫಾರ್ಮ್ ಮೊದಲೇ ತರಿಸಿಟ್ಟಿದ್ದ, ಟೆಕ್ಸಾಸಿನಲ್ಲಿದ್ದ ಅವನ ಸೋದರನಿಂದ. ಮುದುಕರು ನಿದ್ದೆ ಹೋದ ಮೇಲೆ ಟವೆಲನ್ನು ಪೊಟ್ಟಣದ ಹಾಗೆ ಸುತ್ತಿದ. ಒಳಗೆ ಕ್ಲೋರೋಫಾರ್ಮಿನಲ್ಲಿ ನೆನೆಸಿದ ಸ್ಪಂಜು ಇಟ್ಟ. ಮುಖದ ಮೇಲೆ ಇಟ್ಟು ಕೋಣೆಯಿಂದ ಹೊರಗೆ ಬಂದ. ಸುಮಾರು ಅರ್ಧ ಗಂಟೆ ಬಿಟ್ಟು ಒಳಗೆ ಹೋಗಿ ತೆಗೆದ. ಕಿಟಕಿಗಳನ್ನು ತೆರೆದಿಟ್ಟ.

ಡಾಕ್ಟರ್ ಬಂದರು. ಪ್ಯಾಟ್ರಿಕ್ ಪರಿಚಯ ಮಾಡಿಸಿದ್ದ ಡಾಕ್ಟರೇ. ಮುಪ್ಪು, ದುರ್ಬಲ ಹೃದಯ, ಹೊಟ್ಟೆಯ ತೊಂದರೆ ಎಂದು ಪ್ರಮಾಣಪತ್ರ ಬರೆದು ಹೋದರು. 84 ವಯಸ್ಸಿನವರು ಸತ್ತರೆ ಯಾರೂ ಕಾರಣ ಹುಡುಕಲು ಹೋಗಲ್ಲ.

ಇನ್ನು ಉಳಿದದ್ದು ದೇಹ ಸುಡುವುದು. ಇಲ್ಲಿ ಒಂದು ತೊಡಕು ಬಂತು. ಚಿತಾಗಾರದ ಕುಲುಮೆ ಕಾಯಲು 24 ಗಂಟೆ ಬೇಕು ಎಂದರು. ಅಲ್ಲಿಯವರೆಗೆ ದೇಹ ಕೆಡಬಾರದು ಎಂದು ರಸಾಯನ ತುಂಬಿಸಿದರು. ಆ ಒಂದು ದಿನದಲ್ಲೇ ಬ್ಯಾಂಕಿನ ಗುಮಾಸ್ತ ಚೆಕ್ ತಿರುಗಿಸಿ ನೋಡಿದ್ದು.

ಕೈಬರಹ ಹೇಳಿದ್ದು

ಬ್ಯಾಂಕಿನ ಎರಿಕ್ ಸ್ವೆನ್ಸನ್ ಹೂಸ್ಟನ್ನಿಗೆ ತಂತಿ ಕಳಿಸಿದರು. ಸಾವು ಅನುಮಾನಾಸ್ಪದ ಎಂದು ಕ್ಯಾಪ್ಟನ್ ಬೇಕರ್ ಅವರಿಗೆ ತಿಳಿಯಿತು. ಅವರು ರೈಲು ಹತ್ತಿದರು. ದೇಹ ಸುಡಬೇಡಿ ಎಂಬ ಸಂದೇಶ ಮುಂಚೆಯೇ ಹೊರಟಿತ್ತು. ಸ್ವೆನ್ಸನ್ ಮನೆತನದ ಹಿರಿಯ ಸ್ವೀಡನ್ನಿನಿಂದ ಬಂದು ರೈಸ್ ಹಾಗೇ 1838ರಲ್ಲಿ ಟೆಕ್ಸಾಸಿನಲ್ಲಿ ಇಳಿದು ವ್ಯಾಪಾರ ಮಾಡಿದವರು. ಬ್ಯಾಂಕಿನಲ್ಲಿ ರೈಸ್ ಸುಮ್ನೆ ಒಂದು ಖಾತೆ ನಂಬರ್ ಆಗಿರಲಿಲ್ಲ. ಅವರ ಸಹಿ ಹೇಗಿರುತ್ತದೆ, ಅವರ ರೀತಿ ಏನು ಎಂದು ಅಲ್ಲಿಯವರಿಗೆ ಗೊತ್ತಿತ್ತು. ಜೀವ ಉಳಿಸಲು ಅದು ಸಾಕಾಗಲಿಲ್ಲ. ಹಣ ಉಳಿಸಿತು.

ಒಟ್ಟು ನಾಲ್ಕು ಚೆಕ್ ಇದ್ದವು, ಎರಡು ಬ್ಯಾಂಕುಗಳ ಮೇಲೆ. ಕೂಡಿದರೆ 2,50,000 ಡಾಲರ್. ಎಣ್ಣೆ ಗಿರಣಿಗೆ ಹೋಗಬೇಕಿದ್ದ ಅಷ್ಟೇ ಮೊತ್ತ.

ಅಕ್ಟೋಬರ್ ಮೊದಲ ವಾರ ಇಬ್ಬರನ್ನೂ ಹಿಡಿದರು. ಮೊದಲ ಆರೋಪ ಸಹಿ ನಕಲು ಮಾಡಿದ್ದು. ಟೂಂಬ್ಸ್ ಎಂಬ ಜೈಲಿನಲ್ಲಿ ಜೋನ್ಸ್ ಸಣ್ಣ ಚಾಕುವಿನಿಂದ ಕುತ್ತಿಗೆ ಕೊಯ್ದುಕೊಂಡ, ಬದುಕಿದ. ಆ ಚಾಕು ಕೊಟ್ಟವನು ಪ್ಯಾಟ್ರಿಕ್ ಎಂದ. ಆಮೇಲೆ ಒಂದರ ಮೇಲೊಂದು ಹೇಳಿಕೆ. ಒಮ್ಮೆ ಪ್ಯಾಟ್ರಿಕ್ಕೇ ಮುಖದ ಮೇಲೆ ಬಟ್ಟೆ ಒತ್ತಿದ ಎಂದ. ಕೊನೆಗೆ ನಾನೇ ಮಾಡಿದೆ, ಅವನು ಮಾಡಿಸಿದ ಎಂದ.

ವಿಲ್ ವಿಷಯದಲ್ಲಿ ಮಾತ್ರ ಯಾರ ಬಾಯಿಮಾತೂ ಬೇಕಾಗಲಿಲ್ಲ. ನಕಲಿ ವಿಲ್‌ನ ಪ್ರತಿ ಪುಟದಲ್ಲಿ ರೈಸ್ ಸಹಿ ಇತ್ತು, ನಾಲ್ಕು ಸಹಿ. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ನಾಲ್ಕೂ ಒಂದೇ. ಉದ್ದ, ಓರೆ, ಅಕ್ಷರಗಳ ನಡುವಿನ ಜಾಗ, ಎಲ್ಲ ಕೂಡುತ್ತಿತ್ತು. ನೀವೇ ಒಂದು ಹಾಳೆಯಲ್ಲಿ ನಾಲ್ಕು ಸಲ ಸಹಿ ಹಾಕಿ ನೋಡಿ. ಒಂದರ ಹಾಗೆ ಇನ್ನೊಂದು ಬರಲ್ಲ. 84 ವಯಸ್ಸಿನ ಕೈಯಲ್ಲಂತೂ ಬರುವುದೇ ಇಲ್ಲ. ಒಂದು ಅಸಲಿ ಸಹಿ ಕೆಳಗಿಟ್ಟು ನಾಲ್ಕು ಸಲ ತಿದ್ದಿದ್ದರು. ಕೈಬರಹ ಪರೀಕ್ಷೆ ಕಲಿಯುವವರಿಗೆ ಈ ಪ್ರಕರಣ ಇವತ್ತಿಗೂ ಪಾಠ.

ಸಾವಿನ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಶವಪರೀಕ್ಷೆಯಲ್ಲಿ ಶ್ವಾಸಕೋಶ ಕೆಂಪಾಗಿ ಊದಿತ್ತು. ದೇಹದಲ್ಲಿ ಪಾದರಸ ಸಿಕ್ಕಿತು. ಶ್ವಾಸಕೋಶ ಹಾಗಾದದ್ದು ಕ್ಲೋರೋಫಾರ್ಮಿನಿಂದ ಎಂದು ಸರ್ಕಾರಿ ಕಡೆಯ ವೈದ್ಯರು ಹೇಳಿದರು. ಅಲ್ಲ, ತುಂಬಿಸಿದ ರಸಾಯನದಿಂದಲೂ ಹಾಗಾಗುತ್ತದೆ ಎಂದು ಪ್ಯಾಟ್ರಿಕ್ ಕಡೆಯ ವೈದ್ಯರು ಹೇಳಿದರು. ನಿದ್ದೆಯಲ್ಲಿರುವವನಿಗೆ ಎಚ್ಚರವಾಗದ ಹಾಗೆ ಕ್ಲೋರೋಫಾರ್ಮ್ ಕೊಡಲು ಸಾಧ್ಯವೇ ಎಂದೂ ವಾದ ನಡೆಯಿತು. ಕುಲುಮೆ ತಡವಾದ್ದರಿಂದ ದೇಹ ಉಳಿಯಿತು. ಅದೇ ತಡಕ್ಕಾಗಿ ತುಂಬಿಸಿದ ರಸಾಯನ ಸಾಕ್ಷ್ಯವನ್ನು ಮಸುಕು ಮಾಡಿತು.

1902ರ ಮಾರ್ಚ್ 26ರಂದು ಜ್ಯೂರಿ ಪ್ಯಾಟ್ರಿಕ್ ತಪ್ಪಿತಸ್ಥ ಎಂದಿತು. ಮರಣದಂಡನೆ. ಸಾಕ್ಷಿ ಹೇಳಿದ ಜೋನ್ಸ್ ಮೇಲೆ ಮೊಕದ್ದಮೆ ನಡೆಯಲೇ ಇಲ್ಲ, ಹೊರಗೆ ನಡೆದು ಹೋದ. ಇದು ನನಗೆ ಸರಿ ಕಾಣುವುದಿಲ್ಲ. ಟವೆಲ್ ಸುತ್ತಿದೆ ಎಂದು ಒಪ್ಪಿದ ಕೈ ಬಿಡುಗಡೆಯಾಯಿತು. ಪ್ಯಾಟ್ರಿಕ್ ಸಿಂಗ್ ಸಿಂಗ್ ಜೈಲಿನಲ್ಲಿ ಕೂತು ತನ್ನ ಕೇಸನ್ನು ತಾನೇ ಓದಿ, ಬರೆದು, ಹೋರಾಡಿದ. 1905ರಲ್ಲಿ ಮೇಲ್ಮನವಿ ಕೋರ್ಟ್ ಶಿಕ್ಷೆ ಎತ್ತಿಹಿಡಿಯಿತು, ಆದರೆ 4ಕ್ಕೆ 3. ಏಳರಲ್ಲಿ ಮೂವರು ನ್ಯಾಯಮೂರ್ತಿಗಳಿಗೆ ಒಪ್ಪಿಗೆ ಇರಲಿಲ್ಲ. 1906ರಲ್ಲಿ ಗವರ್ನರ್ ಹಿಗಿನ್ಸ್ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. 1912ರ ನವೆಂಬರಿನಲ್ಲಿ ಗವರ್ನರ್ ಡಿಕ್ಸ್ ಪೂರ್ತಿ ಕ್ಷಮೆ ಕೊಟ್ಟರು. ಪ್ಯಾಟ್ರಿಕ್ ಓಕ್ಲಹೋಮಾದ ಟಲ್ಸಾ ಕಡೆಗೆ ಹೋಗಿ ನೆಲೆಸಿದ, 1940ರಲ್ಲಿ ಸತ್ತ. ಜೋನ್ಸ್ ಟೆಕ್ಸಾಸಿಗೆ ವಾಪಸಾದ. 1954ರಲ್ಲಿ, ಮುದುಕನಾಗಿದ್ದಾಗ, ಗುಂಡು ಹೊಡೆದುಕೊಂಡು ಸತ್ತ.

ನನ್ನ ಅಭಿಪ್ರಾಯ ಕೇಳಿದರೆ, ಹಣ ಕದಿಯುವ ಸಂಚಿನ ಬಗ್ಗೆ ಎಳ್ಳಷ್ಟೂ ಅನುಮಾನ ಬೇಡ. ಚೆಕ್, ವಿಲ್, ಪತ್ರ ಎಲ್ಲ ಕಣ್ಣಮುಂದಿವೆ. ಆ ಭಾನುವಾರ ರೈಸ್ ಅವರ ಉಸಿರು ನಿಲ್ಲಿಸಿದ್ದು ಕ್ಲೋರೋಫಾರ್ಮೋ, ಪಾದರಸದಿಂದ ಕುಗ್ಗಿದ ದೇಹವೋ ಎಂಬುದು ಜೋನ್ಸ್ ಮಾತಿನ ಮೇಲೆ ನಿಂತಿದೆ. ಮೂರು ಬಗೆಯಾಗಿ ಹೇಳಿದವನ ಮಾತಿನ ಮೇಲೆ ಒಬ್ಬನನ್ನು ಕೊಲ್ಲುವುದು ಬೇಡ ಎಂದ ಆ ಮೂವರು ನ್ಯಾಯಮೂರ್ತಿಗಳ ಕಡೆಗೇ ನಾನು ವಾಲುತ್ತೇನೆ.

ಹಣ ಹೋದ ದಾರಿ

ನಕಲಿ ವಿಲ್ ಬಿದ್ದುಹೋಯಿತು. ಹೋಲ್ಟ್ ಜೊತೆಗಿನ ಜಗಳ ರಾಜಿಯಲ್ಲಿ ಮುಗಿಯಿತು. 1904ರಲ್ಲಿ ಸುಮಾರು 46 ಲಕ್ಷ ಡಾಲರ್ ವಿದ್ಯಾಸಂಸ್ಥೆಯ ಕೈ ಸೇರಿತು. ಬೇಕರ್ ಮತ್ತು ಉಳಿದ ಟ್ರಸ್ಟಿಗಳು ಅವಸರ ಮಾಡಲಿಲ್ಲ. ಎಡ್ಗರ್ ಓಡೆಲ್ ಲವೆಟ್ ಎಂಬ ಗಣಿತಜ್ಞರನ್ನು ಮೊದಲ ಅಧ್ಯಕ್ಷರಾಗಿ ಕರೆತಂದರು. 1912ರ ಸೆಪ್ಟೆಂಬರ್ 23ರಂದು ಪಾಠ ಶುರುವಾಯಿತು. ರೈಸ್ ತೀರಿಕೊಂಡು ಸರಿಯಾಗಿ ಹನ್ನೆರಡು ವರ್ಷ. ಮೊದಲ ದಿನ ಬಂದ ವಿದ್ಯಾರ್ಥಿಗಳು 59. ಯಾರ ಹತ್ತಿರವೂ ಫೀಸ್ ಕೇಳಲಿಲ್ಲ.

ಹತ್ತಿ ಬಿಡಿಸಿದವರ ಮೊಮ್ಮಕ್ಕಳಿಗೆ ಆ ಬಾಗಿಲು ಮುಚ್ಚಿತ್ತು. ಸನ್ನದಿನ ಆ ಪದ ತೆಗೆಯಲು ಟ್ರಸ್ಟಿಗಳು 1963ರಲ್ಲಿ ಕೋರ್ಟಿಗೆ ಹೋಗಬೇಕಾಯಿತು. ಫೀಸ್ ಪಡೆಯಲು ಅನುಮತಿಯನ್ನೂ ಜೊತೆಗೇ ಕೇಳಿದರು. ಮರುವರ್ಷ ಎರಡಕ್ಕೂ ಒಪ್ಪಿಗೆ ಸಿಕ್ಕಿತು.

ಆ ವಿದ್ಯಾಸಂಸ್ಥೆಯೇ ಇಂದಿನ ರೈಸ್ ವಿಶ್ವವಿದ್ಯಾಲಯ. ಶವಪರೀಕ್ಷೆಯ ನಂತರ ರೈಸ್ ಅವರ ದೇಹವನ್ನು ಸುಟ್ಟಿದ್ದರು. ಆ ಬೂದಿಯನ್ನು ವಿಶ್ವವಿದ್ಯಾಲಯದ ಅಂಗಳದ ನಡುವೆ, ಅವರ ಕಂಚಿನ ಪ್ರತಿಮೆಯ ಕೆಳಗೆ 1930ರಲ್ಲಿ ಇಟ್ಟರು. ಕುರ್ಚಿಯಲ್ಲಿ ಕೂತ ಮುದುಕ, ಕೈಯಲ್ಲಿ ಕಾಗದದ ಸುರುಳಿ. 2019ರಲ್ಲಿ ವಿಶ್ವವಿದ್ಯಾಲಯವೇ ಒಂದು ಸಮಿತಿ ಮಾಡಿ, ಸ್ಥಾಪಕರಿಗೂ ಗುಲಾಮಗಿರಿಗೂ ಇದ್ದ ನಂಟಿನ ದಾಖಲೆಗಳನ್ನು ಹುಡುಕಲು ಶುರು ಮಾಡಿತು. ಪ್ರತಿಮೆ ನಡುವೆ ಇರಬಾರದು ಎಂದು ವಿದ್ಯಾರ್ಥಿಗಳು ಅದರ ಮುಂದೆ ದಿನಗಟ್ಟಲೆ ಕೂತರು. 2022ರಲ್ಲಿ ಆಡಳಿತ ಮಂಡಳಿ ನಿರ್ಧಾರ ತಿಳಿಸಿತು. ಪ್ರತಿಮೆ ಅದೇ ಅಂಗಳದಲ್ಲಿ ಉಳಿಯುತ್ತದೆ, ನಡುವಿನಿಂದ ಬೇರೆ ಜಾಗಕ್ಕೆ ಸರಿಯುತ್ತದೆ, ಪಕ್ಕದಲ್ಲಿ ಆ ಹದಿನೈದು ಮಂದಿಯ ಕಾಲದ ಇತಿಹಾಸವನ್ನೂ ಬರೆಯಲಾಗುತ್ತದೆ ಎಂಬುದು ಆಗಿನ ನಿರ್ಧಾರ.